ಮೂರ್ಛೆ ಹೋದ ಸ್ವರ

ಮಿದುಳಿಗೆ ರಕ್ತ ಸಾಲದೆ ಕ್ಷಣಕಾಲ ಎಚ್ಚರ ತಪ್ಪಿದರೆ ವೈದ್ಯರು ಅದನ್ನು ಸಿಂಕೊಪಿ ಎನ್ನುತ್ತಾರೆ. ಪದದ ನಡುವಿನ ಸ್ವರವೋ ಅಕ್ಷರವೋ ಬಿದ್ದುಹೋದರೆ ಅಲಂಕಾರಶಾಸ್ತ್ರವೂ ವ್ಯಾಕರಣವೂ ಬಳಸುವುದು ಅದೇ ಗ್ರೀಕ್ ಪದವನ್ನು. ಮೊದಲ ಅರ್ಥದ ಮೂರ್ಛೆಗೆ ಗಣಿಯ ಉದಾಹರಣೆ ನೋಡಿ: ನಮ್ಮ ಕೋಲಾರದ ಚಾಂಪಿಯನ್ ರೀಫ್ ಚಿನ್ನದ ಗಣಿ ಮೂರು ಕಿಲೋಮೀಟರಿಗಿಂತ ಆಳ. ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ಅಂಥ ಧಗೆಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ, ರಕ್ತ ಕಾಲಿಗಿಳಿದು, ನಿಂತವನು ಕುಸಿಯಬಹುದು; ತಂಪಿನಲ್ಲಿ ಮಲಗಿಸಿ ಕಾಲೆತ್ತಿ ಹಿಡಿದರೆ ಚೇತರಿಸಿಕೊಳ್ಳುತ್ತಾನೆ. ಬೇಗ ಮತ್ತು ಪೂರ್ತಿ ಮರಳುವುದೇ ಈ ಮೂರ್ಛೆಯ ಗುರುತು. ಆಡುಗನ್ನಡದಲ್ಲಿ ಬೀಳುವ ಸ್ವರದ ಗುರುತೂ ಅದೇ ಎಂಬುದು ನನ್ನ ವಾದ.

ಹುಡುಗ ಹುಡ್ಗನಾಗುತ್ತಾನೆ, ಮದುವೆ ಮದ್ವೆಯಾಗುತ್ತದೆ, ಬರುತ್ತಾನೆ ಎಂಬುದು ಬರ್ತಾನೆ ಆಗುತ್ತದೆ. ಇದು ಸೋಮಾರಿ ನಾಲಿಗೆಯ ಕೆಲಸ ಎನ್ನುವವರಿದ್ದಾರೆ. ಆದರೆ ಬೀಳುವುದು ನಡುವಿನ ಹ್ರಸ್ವ ಮಾತ್ರ. ‘ಹ್ಡುಗ’ ಎಂದು ಯಾರೂ ಅನ್ನುವುದಿಲ್ಲ, ಗುಲಾಬಿಯನ್ನು ‘ಗುಲ್ಬಿ’ ಮಾಡುವುದಿಲ್ಲ. ಸೋಮಾರಿತನಕ್ಕೆ ಇಷ್ಟು ಕಟ್ಟುನಿಟ್ಟು ಇರಲಾರದು. ದೂರದಿಂದ ಕೂಗುವಾಗ, ರಾಗವೆಳೆದು ಹಾಡುವಾಗ ಬಿದ್ದ ಸ್ವರ ಎದ್ದು ಬರುತ್ತದೆ. ಜಿ.ಪಿ. ರಾಜರತ್ನಂ ಅವರ ‘ಯೆಂಡ್ಕುಡ್ಕ ರತ್ನ’ನನ್ನೇ ನೋಡಿ: ಹೆಂಡಕುಡುಕ ಎಂಬ ಐದು ಅಕ್ಷರ ಮೂರಕ್ಕಿಳಿದಿವೆ. (ಮೊದಲ ಹಕಾರ ಹೋದದ್ದು ಬೇರೆ ಬಗೆಯ ಲೋಪ.) ಆದರೂ ಓದುಗ ಎಡವಲಿಲ್ಲ, ಬಿದ್ದ ಎರಡು ಸ್ವರಗಳೂ ಅವನ ಕಿವಿಯೊಳಗೆ ಇದ್ದವು. ಅಲ್ಲಿ ಲೋಪ ಅಲಂಕಾರವಾಯಿತು, ರತ್ನನ ನಡಿಗೆಯೇ ಪದಕ್ಕೆ ಬಂತು.

ಬಿದ್ದದ್ದೆಲ್ಲ ಏಳುವುದಿಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಅದಕ್ಕೆ ಸಾಕ್ಷಿ ಕೋಲಾರವೇ. ಗಂಗರ ಶಾಸನಗಳ ಕುವಲಾಲ ಸವೆದು ಕೋಲಾರವಾಯಿತು. ಎಷ್ಟೇ ಗಟ್ಟಿಯಾಗಿ ಕೂಗಿದರೂ ಆ ‘ಕುವ’ ಇನ್ನು ಮರಳದು. ಒಪ್ಪುತ್ತೇನೆ. ಆದರೆ ಅದು ಒಬ್ಬರ ಬಾಯಲ್ಲಿ ಆದದ್ದಲ್ಲ. ತುಂಬು ರೂಪವನ್ನು ಕೇಳದೆ, ಓದದೆ ಬೆಳೆದ ತಲೆಮಾರುಗಳ ನಡುವೆ ಆದದ್ದು. ಎರಡು ರೂಪವೂ ಬಳಕೆಯಲ್ಲಿರುವವರೆಗೆ ಅದು ಮೂರ್ಛೆ. ಒಂದೇ ಉಳಿದಾಗ ಸಾವು.

ನಮ್ಮ ಗಣಿ ಊರು ರಾಬರ್ಟ್‌ಸನ್‌ಪೇಟೆಯಲ್ಲಿ ಈ ಎರಡು ರೂಪಗಳ ಪ್ರಶ್ನೆ ಬರೀ ಪಂಡಿತರ ಮಾತಲ್ಲ. ಇಲ್ಲಿ ತಮಿಳು, ತೆಲುಗು ಮನೆಮಾತಿನವರು ಬಹಳ. ಸಂತೆಯಲ್ಲಿ ಕನ್ನಡ ಕಲಿತವರಿಗೆ ‘ಬರ್ತಾನೆ’ಯೇ ಮೂಲ ಪದ, ಪುಸ್ತಕದಿಂದಷ್ಟೇ ಕಲಿತವರು ‘ಬರುತ್ತಾನೆ’ ಎಂದು ನಿಂತು ನಿಂತು ಹೇಳುತ್ತಾರೆ. ಆದ್ದರಿಂದ ಹೊಸದಾಗಿ ಕಲಿಯುವವರ ಪಾಠದಲ್ಲಿ ಎರಡೂ ಅಕ್ಕಪಕ್ಕ ಅಚ್ಚಾಗಲಿ, ಕಥೆಯ ಸಂಭಾಷಣೆಯಲ್ಲಿ ಬಿದ್ದ ಸ್ವರವನ್ನು ಸಂಪಾದಕರು ತಿದ್ದದೆ ಬಿಡಲಿ.