ಲೈಕ್ ಒತ್ತಿದವರು

ನೆಟ್‌ಫ್ಲಿಕ್ಸ್‌ನ ‘ಅಡೋಲಸೆನ್ಸ್’ ಬಗ್ಗೆ ಆಫೀಸಿನ ಊಟದ ಟೇಬಲ್ಲಿನಲ್ಲಿ ಮಾತು ಬಂದರೆ ಎಲ್ಲರೂ ಮೊದಲು ಹೇಳೋದು ಒಂದೇ: ನಾಲ್ಕು ಎಪಿಸೋಡು, ಪ್ರತಿಯೊಂದೂ ಸಿಂಗಲ್ ಟೇಕ್! ಕಷ್ಟದ ಕೆಲಸವೇ, ಒಪ್ಪೋಣ. ಆದರೆ 2025ರ ಮಾರ್ಚ್‌ನಲ್ಲಿ ಬಂದ ಈ ಬ್ರಿಟಿಷ್ ಸರಣಿಯಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಕ್ಯಾಮೆರಾ ಅಲ್ಲ, ಇನ್‌ಸ್ಟಾಗ್ರಾಮಿನ ನಾಲ್ಕಾರು ಎಮೋಜಿ.

13 ವರ್ಷದ ಜೇಮಿ ತನ್ನ ಶಾಲೆಯ ಕೇಟಿಯನ್ನು ಚಾಕುವಿನಿಂದ ಇರಿದು ಕೊಂದಿದ್ದಾನೆ. ಕೊಂದದ್ದು ಯಾರು ಅನ್ನೋದು ಮೊದಲ ಎಪಿಸೋಡಿಗೇ ಮುಗಿದುಹೋಗುತ್ತೆ. ಉಳಿಯೋದು, ಯಾಕೆ? ಜೇಮಿಯ ಫೋಟೋಗಳ ಕೆಳಗೆ ಕೇಟಿ ಹಾಕಿದ ಕಾಮೆಂಟ್ ನೋಡಿ ಪೊಲೀಸ್ ಅಧಿಕಾರಿ ಬ್ಯಾಸ್ಕೋಂಬ್, ಇಬ್ಬರೂ ಸ್ನೇಹಿತರು ಅಂದುಕೊಂಡಿರ್ತಾನೆ. ಅದೇ ಶಾಲೆಯಲ್ಲಿ ಓದೋ ಅವನ ಮಗ, ಅಪ್ಪನ ಪಾಡು ನೋಡಲಾಗದೆ, ಪಕ್ಕಕ್ಕೆ ಕರೆದು ಬಿಡಿಸಿ ಹೇಳ್ತಾನೆ: ಅದು ಸ್ನೇಹ ಅಲ್ಲಪ್ಪ, ಗೇಲಿ. ‘ನಿನ್ನನ್ನ ಯಾವ ಹುಡುಗಿಯೂ ಮೂಸಿ ನೋಡಲ್ಲ’ ಅನ್ನೋ ಬೈಗುಳ, ಅದಕ್ಕೆ ಸಹಪಾಠಿಗಳ ಲೈಕು ಬೇರೆ.

‘ಮಕ್ಕಳ ಫೋನ್ ಚೆಕ್ ಮಾಡ್ತಿರಿ’ ಅಂತ ಸಲಹೆ ಕೊಡುವವರು ಈ ದೃಶ್ಯ ನೋಡಬೇಕು. ಅವನ ಕಣ್ಣೆದುರು ಎಲ್ಲಾ ಕಾಮೆಂಟೂ ಇತ್ತು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ, ಲಾಗ್ ಪೂರ್ತಿ ಇದೆ, ಓದೋಕೆ ಬರಲ್ಲ. ನಮ್ಮೂರಲ್ಲಿ ಅಡ್ಡಹೆಸರಿಟ್ಟು ರೇಗಿಸಿದರೆ ಅಂಗಡಿಯವರಿಗೂ ಬಸ್ ಕಂಡಕ್ಟರಿಗೂ ಅರ್ಥವಾಗ್ತಿತ್ತು. (ಹಳ್ಳಿ ಏನು ಸ್ವರ್ಗ ಆಗಿರಲಿಲ್ಲ. ಜಾತಿ ಹಿಡಿದು ಕೂಗಿದ್ದೂ ದೊಡ್ಡವರಿಗೆ ಅರ್ಥವಾಗ್ತಿತ್ತು, ಆದರೂ ಸುಮ್ಮನಿರ್ತಿದ್ರು.) ಜೇಮಿಯ ಅಪ್ಪ ಎಡ್ಡಿ, ಪ್ಲಂಬರ್, ಕೊನೆಯ ಎಪಿಸೋಡಿನಲ್ಲಿ ಹೆಂಡತಿಯ ಜತೆ ಕೂತು ನೆನೆಯೋದೂ ಇದನ್ನೇ: ಮಗ ರೂಮಿನೊಳಗೆ ಕಂಪ್ಯೂಟರ್ ಮುಂದೆ ಇದ್ದ, ಕ್ಷೇಮವಾಗಿದ್ದಾನೆ ಅಂದುಕೊಂಡೆವು.

ನನ್ನ ತಕರಾರು ಮೂರನೇ ಎಪಿಸೋಡಿನದ್ದು. ಒಂದು ಕೋಣೆ, ಮನಶ್ಶಾಸ್ತ್ರಜ್ಞೆ, ಜೇಮಿ. ಓವನ್ ಕೂಪರ್ ಅನ್ನೋ ಈ ಹುಡುಗನಿಗೆ ಇದು ಮೊದಲ ಪಾತ್ರ ಅಂದ್ರೆ ನಂಬೋಕಾಗಲ್ಲ, ಎಮ್ಮಿ ಸುಮ್ಮನೆ ಬಂದಿಲ್ಲ. ಅಲ್ಲಿ ಅವನ ಬಾಯಿಂದ ಒಂದು ವಿಷಯ ಜಾರುತ್ತೆ. ಕೇಟಿಯ ಅರೆಬೆತ್ತಲೆ ಫೋಟೋ ಸ್ನ್ಯಾಪ್‌ಚಾಟಿನಲ್ಲಿ ಹುಡುಗರ ಕೈಯಿಂದ ಕೈಗೆ ಹೋಗಿತ್ತು. ಈಗ ಕುಗ್ಗಿರ್ತಾಳೆ, ಒಪ್ಪಬಹುದು ಅಂತ ಲೆಕ್ಕ ಹಾಕಿ ಜೇಮಿ ಅವಳನ್ನ ಕೇಳಿದ್ದ. ಅವಳು ಒಪ್ಪಲಿಲ್ಲ. ಎಮೋಜಿಗಳು ಬಂದದ್ದು ಅದಾದ ಮೇಲೆ. ಅಂದ್ರೆ ಆನ್‌ಲೈನಿನಲ್ಲಿ ಮೊದಲು ಪೆಟ್ಟು ತಿಂದವಳು ಕೇಟಿ. ಆ ಫೋಟೋ ನೋಡಿದವರು ಎಷ್ಟು ಜನ, ಟೀಚರ್‌ಗಳಿಗೆ ಗೊತ್ತಿತ್ತಾ, ಅವಳ ಮನೇಲಿ ಏನಾಯ್ತು? ಸರಣಿ ಆ ಕಡೆ ತಿರುಗೋದೇ ಇಲ್ಲ. ಎಲ್ಲರೂ ಜೇಮಿಯನ್ನ ನೆನಪಿಡ್ತಾರೆ, ಕೇಟಿಯನ್ನಲ್ಲ ಅಂತ ಎರಡನೇ ಎಪಿಸೋಡಿನಲ್ಲಿ ಮಹಿಳಾ ಸಾರ್ಜೆಂಟ್ ಗೊಣಗ್ತಾಳೆ. ಬರೆದ ಜ್ಯಾಕ್ ಥಾರ್ನ್, ಸ್ಟೀಫನ್ ಗ್ರಹಾಂ ಇಬ್ಬರಿಗೂ ಅದು ಗೊತ್ತಿತ್ತು ಅಂತಾಯ್ತು. ಗೊತ್ತಿದ್ದೂ ಅದನ್ನೇ ಮಾಡಿದ್ದಾರೆ.

ನಮಗೆ ಬೇಕಾದ ಕತೆ ಆ ಫೋಟೋದ್ದು. ಇಲ್ಲಾದರೆ ಅದು ‘ಯಾರ ಮಗಳು ನೋಡಿ’ ಅಂತ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪಿಗೂ ಬಂದುಬಿಡುತ್ತೆ. 18 ತುಂಬದವರ ಅಶ್ಲೀಲ ಚಿತ್ರ ಹಂಚಿದರೆ ಐಟಿ ಕಾಯ್ದೆಯ 67ಬಿ ಕಲಮಿನಡಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು. ಕಾಳಜಿಯಿಂದ ಫಾರ್ವರ್ಡ್ ಮಾಡಿದೆ ಅನ್ನೋರಿಗೆ ಅದರಲ್ಲಿ ರಿಯಾಯ್ತಿ ಬರೆದಿಲ್ಲ. ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಇಂಥದ್ದಕ್ಕೆ ಹೆಸರು ಹೇಳದೆಯೂ ದೂರು ಕೊಡಬಹುದು. ಮಕ್ಕಳೇ ಫೋನ್ ಮಾಡೋದಾದರೆ 1098 ಇದೆ.

ಸರಣಿ ನೋಡಿ, ಖಂಡಿತ ನೋಡಿ. ಕೊನೆಯಲ್ಲಿ ಎಡ್ಡಿ ಮಗನ ಹಾಸಿಗೆಯಲ್ಲಿ ಟೆಡ್ಡಿ ಮಲಗಿಸಿ ಹೊದಿಕೆ ಹೊದಿಸುವಾಗ ನನಗೂ ಗಂಟಲು ಕಟ್ಟಿತು. ಕೇಟಿಯ ಅಪ್ಪ ಅಮ್ಮ ಹೇಗಿದ್ದಾರೆ ಅಂತ ಮಾತ್ರ ನಾಲ್ಕೂ ಎಪಿಸೋಡಿನಲ್ಲಿ ಯಾರೂ ಹೋಗಿ ನೋಡಿ ಬರಲ್ಲ.