ಬಿಡುವಿಲ್ಲದವರ ಬೆಳಕು: ಹೆತ್ತವರು ತೆಗೆದ ಫೋಟೋಗಳನ್ನು ಓದುವ ಬಗೆ

ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಕೈಗೆ ಮೊದಲ ಕ್ಯಾಮೆರಾ ಬಂದದ್ದು 1863ರ ಡಿಸೆಂಬರಿನಲ್ಲಿ. (ಹೆಸರಿಗೂ ಯಂತ್ರಕ್ಕೂ ಇರುವ ಪ್ರಾಸ ಬರೀ ಆಕಸ್ಮಿಕ.) ಆಗ ಆಕೆಗೆ 48 ವರ್ಷ. ಆರು ಮಕ್ಕಳನ್ನು ಹೆತ್ತಿದ್ದಲ್ಲದೆ ಬೇರೆಯವರ ಮಕ್ಕಳನ್ನೂ ಮನೆಯಲ್ಲಿಟ್ಟುಕೊಂಡು ಸಾಕಿದವಳು. ಗಂಡ ಕಾಫಿ ತೋಟ ನೋಡಿಕೊಂಡು ಬರಲು ಸಿಲೋನಿಗೆ ಹೋಗಿದ್ದ. ಕ್ಯಾಮೆರಾ ಕೊಟ್ಟವರು ಮಗಳು ಮತ್ತು ಅಳಿಯ. ಒಬ್ಬಳೇ ಇರುವ ಅಮ್ಮನಿಗೆ ಹೊತ್ತು ಹೋಗಲಿ ಎಂಬುದು ಅವರ ಆಶಯವಾಗಿತ್ತು. ಮರುತಿಂಗಳೇ ಆಕೆ ಆನಿ ಫಿಲ್ಪಾಟ್ ಎಂಬ ಹುಡುಗಿಯ ಚಿತ್ರ ತೆಗೆದು, ಇದು ನನ್ನ ಮೊದಲ ಯಶಸ್ಸು ಎಂದು ಘೋಷಿಸಿಕೊಂಡಳು. ಮುಂದಿನ ಹತ್ತು ಹನ್ನೊಂದು ವರ್ಷಗಳಲ್ಲಿ ಆಕೆ ಮಾಡಿದ ಕೆಲಸವಿಲ್ಲದೆ ಇವತ್ತು ಛಾಯಾಗ್ರಹಣದ ಚರಿತ್ರೆಯನ್ನು ಬರೆಯಲಾಗುವುದಿಲ್ಲ.

ಈ ಕತೆಯನ್ನು ಸಾಮಾನ್ಯವಾಗಿ ಪವಾಡದ ಹಾಗೆ ಹೇಳುತ್ತಾರೆ. ಹೊತ್ತು ಕಳೆಯಲೆಂದು ಕೊಟ್ಟ ಆಟಿಕೆ ಕಲೆಯಾಗಿಬಿಟ್ಟಿತು ಎಂದು. ನನಗೆ ಪವಾಡಕ್ಕಿಂತ ಅದರ ಹಿಂದಿರುವ ಊಹೆಯ ಬಗ್ಗೆ ಕುತೂಹಲ. ತಾಯಿ ಅಥವಾ ತಂದೆಯಾದವರ ಕೈಯಲ್ಲಿ ಕ್ಯಾಮೆರಾ ಇದ್ದರೆ ಅದು 'ಹವ್ಯಾಸ', ಮನೆಗೆಲಸದ ನಡುವಿನ ವಿರಾಮ, ಮಕ್ಕಳ ಆಲ್ಬಮ್ಮಿಗೆ ಬೇಕಾದ ಸರಕು. ಅದಕ್ಕಿಂತ ಹೆಚ್ಚಿನದೇನಾದರೂ ಬಂದರೆ ನಾವು ಆಶ್ಚರ್ಯಪಡುತ್ತೇವೆ. ಈ ಆಶ್ಚರ್ಯವನ್ನೇ ಪ್ರಶ್ನಿಸಬೇಕು ಅನ್ನಿಸುತ್ತದೆ.

ಕನ್ನಡದಲ್ಲಿ 'ಹವ್ಯಾಸಿ' ಎಂಬ ಮಾತಿಗೆ ರಂಗಭೂಮಿಯ ಸಂದರ್ಭದಲ್ಲಿ ದೊಡ್ಡ ಮರ್ಯಾದೆಯಿದೆ. ವೃತ್ತಿ ಕಂಪನಿಗಳ ಎದುರು ನಿಂತು ಹೊಸ ನಾಟಕ, ಹೊಸ ಭಾಷೆ ತಂದವರು ಹವ್ಯಾಸಿಗಳೇ. ಕಚೇರಿ ಮುಗಿಸಿಕೊಂಡು ಬಂದು ತಾಲೀಮು ಮಾಡಿದವರ ಬೆಂಬಲವಿಲ್ಲದೆ ಕೈಲಾಸಂ ನಾಟಕಗಳನ್ನು ಊಹಿಸಲಾಗದು. ಅಲ್ಲಿ ಹವ್ಯಾಸಿ ಎಂದರೆ ದುಡ್ಡಿಗಾಗಿ ಮಾಡದವನು ಎಂದರ್ಥವೇ ಹೊರತು ಅರೆಮನಸ್ಸಿನವನು ಎಂದಲ್ಲ. ಅದೇ ಮಾತನ್ನು ಮಕ್ಕಳ ಫೋಟೋ ತೆಗೆಯುವ ತಾಯಿಗೆ ಅನ್ವಯಿಸಿದ ಕೂಡಲೇ ಅರ್ಥ ಇಳಿದುಹೋಗುತ್ತದೆ. ಯಾಕೆ?

ಒಂದು ಕಾರಣ ವಿಮರ್ಶೆಯಲ್ಲೇ ಇದೆ. ಪಿಯರ್ ಬೋರ್ದಿಯು 1965ರಲ್ಲಿ ಸಹಲೇಖಕರೊಂದಿಗೆ ತಂದ ಅಧ್ಯಯನದಲ್ಲಿ, ಸಾಮಾನ್ಯ ಜನರ ಫೋಟೋಗ್ರಫಿಯ ಮೂಲ ಪ್ರಯೋಜನ ಕೌಟುಂಬಿಕವಾದದ್ದು ಎಂದು ವಾದಿಸಿದ. ಮದುವೆ, ಮಗುವಿನ ಹುಟ್ಟು, ಹಬ್ಬ ಇವುಗಳನ್ನು ವಿಧಿವತ್ತಾಗಿಸುವುದು, ಮನೆತನ ಒಗ್ಗಟ್ಟಾಗಿದೆ ಎಂದು ತನಗೆ ತಾನೇ ತೋರಿಸಿಕೊಳ್ಳುವುದು. ಸೂಸನ್ ಸೊಂಟಾಗ್ 1977ರ ತನ್ನ ಪುಸ್ತಕದಲ್ಲಿ ಹೆಚ್ಚುಕಡಿಮೆ ಇದೇ ದಾರಿ ಹಿಡಿಯುತ್ತಾಳೆ: ಮಕ್ಕಳ ಚಿತ್ರ ತೆಗೆಯದ ಹೆತ್ತವರು ಮಕ್ಕಳ ಬಗ್ಗೆ ಅಸಡ್ಡೆಯುಳ್ಳವರಂತೆ ಕಾಣುವ ಕಾಲ ಬಂದಿದೆ ಎನ್ನುವುದು ಆಕೆಯ ಗ್ರಹಿಕೆ. ಇಬ್ಬರ ಮಾತೂ ನಿಜ. ಆದರೆ ಇಬ್ಬರೂ ನೋಡುತ್ತಿರುವುದು ಫೋಟೋ ತೆಗೆಯುವ ರೂಢಿಯನ್ನು, ಫೋಟೋವನ್ನಲ್ಲ. ಇನ್ನೊಂದು ಕಡೆ, ದಣಿದ ಹೆತ್ತವರಿಗೆ ಒಂದು ಹವ್ಯಾಸವಿದ್ದರೆ ಮನಸ್ಸು ಹಗುರಾಗುತ್ತದೆ ಎನ್ನುವ ಹಿತವಚನವಿದೆ. ಅದೂ ಚಿತ್ರವನ್ನು ನೋಡುವುದಿಲ್ಲ, ಚಿತ್ರದ ಉಪಯೋಗವನ್ನು ನೋಡುತ್ತದೆ.

ನನ್ನ ವಾದ ಇಷ್ಟು: ಬಿಡುವಿಲ್ಲದ ಹೆತ್ತವರ ಒಳ್ಳೆಯ ಚಿತ್ರಗಳಲ್ಲಿ ಅವರ ದಿನದ ಇಕ್ಕಟ್ಟೇ ಚಿತ್ರದ ರೂಪವಾಗಿರುತ್ತದೆ. ಆ ಇಕ್ಕಟ್ಟನ್ನು ಮೀರಿ ಅವರು ಕಲಾವಿದರಾದರು ಎನ್ನುವುದಕ್ಕಿಂತ ಅದರೊಳಗಿಂದಲೇ ಆದರು ಎನ್ನುವುದು ಸರಿ.

ಕ್ಯಾಮರಾನ್ ಬಳಸಿದ್ದು ವೆಟ್ ಕೊಲೋಡಿಯನ್ ವಿಧಾನ. ಗಾಜಿನ ಫಲಕಕ್ಕೆ ಕೊಲೋಡಿಯನ್ ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಒದ್ದೆಯಿರುವಾಗಲೇ ಕ್ಯಾಮೆರಾದಲ್ಲಿಟ್ಟು, ಒಣಗುವುದರೊಳಗೆ ಕತ್ತಲೆ ಕೋಣೆಗೆ ಓಡಿ ತೊಳೆಯಬೇಕು. ಸುಮಾರು ಕಾಲು ಗಂಟೆಯೊಳಗೆ ಎಲ್ಲವೂ ಮುಗಿಯಬೇಕು. ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರಿನಲ್ಲಿದ್ದ ಆಕೆಯ ಮನೆಯಲ್ಲಿ ಕಲ್ಲಿದ್ದಲು ಇಡುವ ಕೊಟ್ಟಿಗೆ ಕತ್ತಲೆ ಕೋಣೆಯಾಯಿತು, ಕೋಳಿಗೂಡು ಗಾಜಿನ ಸ್ಟುಡಿಯೋ ಆಯಿತು. ಕೋಳಿಗಳನ್ನು ಓಡಿಸಿ ಕವಿಗಳನ್ನೂ ಮಕ್ಕಳನ್ನೂ ಒಳಕ್ಕೆ ಕರೆದುಕೊಂಡ ಬಗೆಯನ್ನು ಆಕೆ 1874ರಲ್ಲಿ ಬರೆಯಲು ತೊಡಗಿ ಅರ್ಧಕ್ಕೇ ಬಿಟ್ಟ ಆತ್ಮಕಥನದಲ್ಲಿ ನಗುನಗುತ್ತಾ ಹೇಳಿಕೊಂಡಿದ್ದಾಳೆ. ಮನೆಯಲ್ಲಿ ಆಗಲೇ ಇದ್ದ ಜಾಗಗಳನ್ನೇ ಬೇರೆ ಕೆಲಸಕ್ಕೆ ಹಚ್ಚುವ ಈ ಜಾಣತನ ಮನೆ ನಡೆಸುವವರಿಗೆ ಹೊಸದಲ್ಲ.

ಈಗ ಚಿತ್ರಗಳನ್ನು ನೋಡಿ. ಮುಖ ಚೌಕಟ್ಟಿನ ತುಂಬ ಬಂದಿರುತ್ತದೆ. ಒಂದು ಕಣ್ಣು ಸ್ಪಷ್ಟ, ಕಿವಿಯ ಹತ್ತಿರ ಮಸುಕು. ಕೂದಲು ಅಲುಗಿದೆ. ಫಲಕದ ಮೇಲೆ ಬೆರಳಿನ ಗುರುತು, ಕೊಲೋಡಿಯನ್ ಹರಿದ ಗೆರೆ. ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿಯವರು ಇದನ್ನು ಅಶಿಸ್ತು ಎಂದರು. ಫೋಕಸ್ ಸರಿ ಮಾಡುತ್ತಾ ಹೋಗಿ, ಕಣ್ಣಿಗೆ ಚೆಲುವೆನಿಸಿದ ಬಿಂದುವಿನಲ್ಲೇ ಲೆನ್ಸನ್ನು ನಿಲ್ಲಿಸಿದೆ, ಉಳಿದವರಂತೆ ಚೂಪಾಗುವವರೆಗೂ ತಿರುಗಿಸಲಿಲ್ಲ ಎಂಬರ್ಥದ ಮಾತನ್ನು ಆಕೆ ಬರೆದಿದ್ದಾಳೆ. ವೃತ್ತಿಪರ ಸ್ಟುಡಿಯೋಗಳಲ್ಲಿ ಆ ಕಾಲದಲ್ಲಿ ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡುವ ಪದ್ಧತಿಯಿತ್ತು. ಅಲ್ಲಿ ಕುಳಿತವರು ಗೊಂಬೆಗಳಾಗಿ ಬರುತ್ತಿದ್ದರು. ಕ್ಯಾಮರಾನ್ ಚಿತ್ರದಲ್ಲಿ ಉಸಿರಾಡಿದ್ದು ಕಾಣುತ್ತದೆ. ನಿಮಿಷಗಟ್ಟಲೆ ಅಲ್ಲಾಡದೆ ಕೂರದ ಮಗುವನ್ನು ಬಲ್ಲವಳು ಆ ಅಲುಗಾಟವನ್ನು ತಪ್ಪೆಂದು ಎಣಿಸದೆ ಚಿತ್ರದೊಳಕ್ಕೆ ಬಿಟ್ಟುಕೊಂಡಳು.

ಹಾಗೆಂದು ಇದನ್ನು 'ತಾಯ್ತನದ ಕಣ್ಣು' ಎಂದು ಕರೆದು ಮುಗಿಸುವುದು ಬೇಡ. ಆಕೆ ಮಹತ್ವಾಕಾಂಕ್ಷಿ. ಚಿತ್ರಗಳಿಗೆ ಕಾಪಿರೈಟ್ ನೋಂದಾಯಿಸಿದಳು, ಮಾರಿದಳು. ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ 1865ರಲ್ಲೇ ಆಕೆಯ ಚಿತ್ರಗಳನ್ನು ಕೊಂಡಿತು. 1868ರಲ್ಲಿ ಅಲ್ಲೇ ಎರಡು ಕೋಣೆಗಳನ್ನು ಸ್ಟುಡಿಯೋ ಆಗಿ ಬಳಸಲು ಕೊಟ್ಟಿತು. ಹವ್ಯಾಸ ಮತ್ತು ವೃತ್ತಿಯ ನಡುವಿನ ಗೆರೆ ನಾವು ಎಳೆದಷ್ಟು ನೇರವಾಗಿ ಯಾವತ್ತೂ ಇರಲಿಲ್ಲ.

ಅದೇ ಕಾಲದ ಇನ್ನೊಬ್ಬಳು ಕ್ಲೆಮೆಂಟಿನಾ ಹಾವರ್ಡನ್. ಹತ್ತು ಮಕ್ಕಳನ್ನು ಹೆತ್ತಳು, ಉಳಿದದ್ದು ಎಂಟು. 1857ರ ಸುಮಾರಿಗೆ ಶುರು ಮಾಡಿ, 1865ರ ಜನವರಿಯಲ್ಲಿ 42ನೆಯ ವಯಸ್ಸಿಗೆ ತೀರಿಕೊಳ್ಳುವಷ್ಟರಲ್ಲಿ 800ಕ್ಕೂ ಹೆಚ್ಚು ಚಿತ್ರ ತೆಗೆದಿದ್ದಳು. ಲಂಡನ್ನಿನ ಮನೆಯ ಮೊದಲ ಮಹಡಿಯೇ ಸ್ಟುಡಿಯೋ, ಹೆಣ್ಣುಮಕ್ಕಳೇ ರೂಪದರ್ಶಿಗಳು. ಆಕೆ ಮಾಡಿದ ಮೊದಲ ಕೆಲಸ ಕೋಣೆಯನ್ನು ಖಾಲಿ ಮಾಡಿದ್ದು. ವಿಕ್ಟೋರಿಯನ್ ಮನೆಗಳಲ್ಲಿ ಕಿಕ್ಕಿರಿದಿರುತ್ತಿದ್ದ ಸಾಮಾನು ಅಲ್ಲಿಲ್ಲ. ಒಂದು ಕಿಟಕಿ, ಒಂದು ಕನ್ನಡಿ, ಗೋಡೆಗೊರಗಿದ ಹುಡುಗಿ, ನೆಲದ ಮೇಲೆ ಬಿಸಿಲು. ತುಂಬಿದ ಮನೆಯ ತಾಯಿ ಕಟ್ಟಿಕೊಂಡ ಖಾಲಿತನ ಅದು. ಆ ಹುಡುಗಿಯರು ಕ್ಯಾಮೆರಾಕ್ಕೆ ಹಲ್ಲು ಕಿರಿಯುವುದಿಲ್ಲ. ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಾರೆ, ಕಿಟಕಿಯಾಚೆ ನೋಡುತ್ತಾರೆ. ಬೋರ್ದಿಯು ಹೇಳುವ ಕುಟುಂಬದ ಒಗ್ಗಟ್ಟಿನ ಪ್ರದರ್ಶನ ಇಲ್ಲಿ ಹುಡುಕಿದರೂ ಸಿಗದು. 1939ರಲ್ಲಿ ಮೊಮ್ಮಗಳು ಈ ಚಿತ್ರಗಳನ್ನು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಕೊಟ್ಟಾಗ ಹಲವದರ ಮೂಲೆಗಳು ಹರಿದಿದ್ದವು. ಆಲ್ಬಮ್ಮಿನಿಂದ ಕಿತ್ತ ಗುರುತು ಅದು. ಮನೆಯ ಆಲ್ಬಮ್ಮಿನಿಂದ ಮ್ಯೂಸಿಯಮ್ಮಿಗೆ ಬಂದ ದಾರಿಯನ್ನು ಆ ಹರಿದ ಮೂಲೆಗಳೇ ಹೇಳುತ್ತವೆ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಮಾತ್ರ ಹೇಳಿದಂತೆ. ಈ ಹೆಂಗಸರಿಗೆ ಸಮಯ ಎಲ್ಲಿಂದ ಬಂತು? ಕ್ಯಾಮರಾನ್ ಚಿತ್ರಗಳಲ್ಲಿ ಮತ್ತೆಮತ್ತೆ ಮರಿಯಮ್ಮನಾಗಿ ಕುಳಿತವಳು ಮೇರಿ ಹಿಲ್ಲಿಯರ್, ಮನೆಯ ಕೆಲಸದಾಕೆ. ಇನ್ನೊಬ್ಬಳು ಮೇರಿ ರಯಾನ್, ಭಿಕ್ಷೆ ಬೇಡುತ್ತಿದ್ದಾಗ ಕ್ಯಾಮರಾನ್ ಕರೆತಂದು ಸಾಕಿದ ಐರಿಷ್ ಹುಡುಗಿ. ಆಕೆಯೂ ಆ ಮನೆಯಲ್ಲಿ ಕೆಲಸದವಳಾಗಿ, ರೂಪದರ್ಶಿಯಾಗಿ ಇದ್ದಳು. 1867ರಲ್ಲಿ ಆಕೆಯನ್ನು ಮದುವೆಯಾದ ಹೆನ್ರಿ ಕಾಟನ್ ಭಾರತದಲ್ಲಿ ಸಿವಿಲ್ ಸರ್ವೀಸಿನಲ್ಲಿದ್ದು, 1904ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷನಾದವನು. ಇನ್ನು ಮನೆಯ ಖರ್ಚಿನ ಬೇರು ಸಿಲೋನಿನ ಕಾಫಿ ತೋಟದಲ್ಲಿತ್ತು. ಮನೆಗೆ ಇಟ್ಟ 'ಡಿಂಬೋಲಾ' ಎಂಬ ಹೆಸರೂ ಅಲ್ಲಿಯದೇ. ಕ್ಯಾಮರಾನ್ ಸ್ವತಃ ಹುಟ್ಟಿದ್ದು 1815ರಲ್ಲಿ ಕಲ್ಕತ್ತದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯ ಮಗಳಾಗಿ. 1879ರಲ್ಲಿ ತೀರಿಕೊಂಡದ್ದು ಸಿಲೋನಿನಲ್ಲಿ. ಕೊನೆಯ ವರ್ಷಗಳಲ್ಲಿ ಅಲ್ಲಿ ತೆಗೆದ ಕೆಲವು ಚಿತ್ರಗಳಲ್ಲಿ ತೋಟದ ಕೂಲಿಯವರು ಬರುತ್ತಾರೆ. ಫ್ರೆಶ್‌ವಾಟರಿನ ಕವಿಗಳಿಗೆ ಹೆಸರಿದೆ, ಇವರಲ್ಲಿ ಹೆಚ್ಚಿನವರಿಗೆ ಇಲ್ಲ. ಒಬ್ಬರ ಹವ್ಯಾಸಕ್ಕೆ ಬೇಕಾದ ಬಿಡುವು ಇನ್ನೊಬ್ಬರ ಬೆವರಿನಿಂದ ಬರುತ್ತದೆ ಎಂಬುದು ಈ ಚಿತ್ರಗಳಾಚೆಯ ಮಾಹಿತಿಯಲ್ಲ, ಅದು ಚಿತ್ರಗಳ ಒಳಗೇ ಕುಳಿತಿದೆ.

ತಂದೆಯ ಕೈಗೆ ಕ್ಯಾಮೆರಾ ಬಂದರೆ ಈ ಲೆಕ್ಕ ಬೇರೆಯಾಗುತ್ತದೆ. ಅಮೃತಾ ಶೇರ್‌ಗಿಲ್ ತಂದೆ ಉಮ್ರಾವ್ ಸಿಂಗ್ ಸಂಸ್ಕೃತ ವಿದ್ವಾಂಸ, ಜಮೀನ್ದಾರಿ ಮನೆತನದವರು, ದಶಕಗಳ ಕಾಲ ಹೆಂಡತಿ ಮಕ್ಕಳ ಮತ್ತು ತಮ್ಮದೇ ಚಿತ್ರಗಳನ್ನು ತೆಗೆದವರು. ಅವರ ಸ್ವಚಿತ್ರಗಳಲ್ಲಿ ಪುಸ್ತಕ, ಮೇಜು, ಯೋಗಾಸನ, ಏಕಾಂತ ಎಲ್ಲವೂ ಇವೆ. ಚೆಲುವಾದ ಚಿತ್ರಗಳು. ಆದರೆ ಅಲ್ಲಿ ಯಾರೂ ಕರೆದು ಎಬ್ಬಿಸದ ಮನುಷ್ಯನೊಬ್ಬನ ನಿಧಾನವಿದೆ. ಹಾವರ್ಡನ್ ಖಾಲಿ ಮಾಡಿಕೊಳ್ಳಬೇಕಾಗಿ ಬಂದ ಕೋಣೆ ಅವರಿಗೆ ಮೊದಲೇ ಖಾಲಿಯಾಗಿ ಸಿಕ್ಕಿತ್ತು.

ಅದಕ್ಕೇ ನಮ್ಮಲ್ಲಿ ಮನೋಬೀನಾ ರಾಯ್ ಮುಖ್ಯ ಅನ್ನಿಸುತ್ತಾರೆ. 1919ರಲ್ಲಿ ಹುಟ್ಟಿದ ಅವಳಿ ಸೋದರಿಯರು ಮನೋಬೀನಾ ಮತ್ತು ದೇಬಲೀನಾ. ಕಾಶಿಯ ಬಳಿಯ ರಾಮನಗರದಲ್ಲಿ ಬೆಳೆದವರು. ಹನ್ನೆರಡನೆಯ ವಯಸ್ಸಿಗೆ ತಂದೆ ಇಬ್ಬರಿಗೂ ಕ್ಯಾಮೆರಾ ಕೊಡಿಸಿದರು, ಕಲಿಸಿದರು. ಮನೋಬೀನಾ ಮುಂದೆ ಸಿನಿಮಾ ನಿರ್ದೇಶಕ ಬಿಮಲ್ ರಾಯ್ ಅವರನ್ನು ಮದುವೆಯಾಗಿ ನಾಲ್ಕು ಮಕ್ಕಳ ತಾಯಿಯಾದರು. ಫೋಟೋ ತೆಗೆಯುವುದನ್ನು ಬಿಡಲಿಲ್ಲ. ಮನೆಯವರ ಭಾವಚಿತ್ರಗಳು, ಪ್ರವಾಸ ಹೋದಾಗ ಲಂಡನ್ ಬೀದಿಗಳ ಚಿತ್ರಗಳು. ಆದರೂ ಹೆಚ್ಚಿನವರಿಗೆ ಅವರು ಬಹಳ ಕಾಲ 'ಬಿಮಲ್ ರಾಯ್ ಪತ್ನಿ'ಯಷ್ಟೇ ಆಗಿದ್ದರು. ಸಬೀನಾ ಗಡಿಹೋಕ್ ಅಂಥ ವಿದ್ವಾಂಸರು ಹುಡುಕಿ ಬರೆದ ಮೇಲೆ ಈ ಸೋದರಿಯರ ಕೆಲಸ ಚರಿತ್ರೆಯೊಳಕ್ಕೆ ಬರತೊಡಗಿತು. ಮನೆಯ ಕಪಾಟಿನಲ್ಲಿ ಉಳಿದದ್ದು ಪತ್ರಾಗಾರಕ್ಕೆ ಹೋಗಬೇಕಾದರೆ ಅದನ್ನು ಕೆಲಸವೆಂದು ಗುರುತಿಸುವ ಒಬ್ಬ ಓದುಗ ಬೇಕು.

ನನಗೆ ಈ ಪ್ರಶ್ನೆ ಬರೀ ಪುಸ್ತಕದ್ದಲ್ಲ. ನಾನು ಕನ್ನಡದ ಹೆಣ್ಣುಮಕ್ಕಳ ಆತ್ಮಕಥನಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಮಗಳಿಗೆ ಮೂರು ವರ್ಷ. ನನ್ನ ಬಳಿ ಇರುವುದು ಗಾಜಿನ ಫಲಕವಲ್ಲ, ಪರದೆ ಒಡೆದ ಒಂದು ಫೋನು. ಬೆಳಿಗ್ಗೆ ಏಳೂವರೆಗೆ ಅಡುಗೆಮನೆಯ ಕಿಟಕಿಯಿಂದ ಬಿಸಿಲು ಸ್ಟೀಲ್ ಡಬ್ಬಿಗಳ ಮೇಲೆ ಬೀಳುತ್ತದೆ, ಹತ್ತು ನಿಮಿಷ ಇದ್ದು ಹೋಗುತ್ತದೆ. ಹಾಲು ಉಕ್ಕುವ ಹೊತ್ತೂ ಅದೇ. ಆ ಹತ್ತು ನಿಮಿಷದ ಚಿತ್ರಗಳನ್ನು ಎರಡು ವರ್ಷದಿಂದ ತೆಗೆಯುತ್ತಿದ್ದೇನೆ. ಮಗಳ ಕೈ ಅರ್ಧ ಬಂದಿರುತ್ತದೆ, ಸೌಟು ಬಂದಿರುತ್ತದೆ. ಒಂದು ವಿಚಾರಗೋಷ್ಠಿಯಲ್ಲಿ ಈ ವಿಷಯ ಎತ್ತಿದಾಗ ಹಿರಿಯರೊಬ್ಬರು ಪ್ರೀತಿಯಿಂದಲೇ, 'ಒಳ್ಳೆ ಹವ್ಯಾಸ, ಮನಸ್ಸಿಗೆ ನೆಮ್ಮದಿ ಕೊಡುತ್ತೆ, ಮುಂದುವರಿಸಮ್ಮ' ಎಂದರು. ನೆಮ್ಮದಿ ನಿಜ. ಆದರೆ ಅವರು ಒಂದು ಚಿತ್ರವನ್ನೂ ಕೇಳಿ ನೋಡಲಿಲ್ಲ. ಮತ್ತೆ, ಈ ಲೇಖನ ಬರೆಯಲು ನನಗೆ ಸಿಕ್ಕ ಮಧ್ಯಾಹ್ನಗಳು ನನ್ನ ಅಮ್ಮನವು. ಮಗು ಅವರ ಮಡಿಲಲ್ಲಿ ಮಲಗಿದ್ದರಿಂದ ಈ ಸಾಲುಗಳಿವೆ. ಕ್ಯಾಮರಾನ್ ಮನೆಯ ಲೆಕ್ಕ ಕೇಳುವಾಗ ನನ್ನ ಮನೆಯದನ್ನೂ ಬರೆದಿಡಬೇಕಲ್ಲ.

ಇನ್ನೊಂದು ಲೆಕ್ಕ ಮಕ್ಕಳದು. ಅಮೆರಿಕದ ಸ್ಯಾಲಿ ಮ್ಯಾನ್ ತನ್ನ ಮೂವರು ಮಕ್ಕಳನ್ನು ದೊಡ್ಡ ವ್ಯೂ ಕ್ಯಾಮೆರಾದಲ್ಲಿ ಹಿಡಿದು 1992ರಲ್ಲಿ 'ಇಮೀಡಿಯಟ್ ಫ್ಯಾಮಿಲಿ' ಪುಸ್ತಕ ತಂದಾಗ ದೊಡ್ಡ ಗಲಾಟೆಯೇ ಆಯಿತು. ಕೆಲವು ಚಿತ್ರಗಳಲ್ಲಿ ಮಕ್ಕಳು ಬೆತ್ತಲೆಯಾಗಿದ್ದರು. ತಾಯಿಗೆ ಈ ಹಕ್ಕಿದೆಯೇ ಎಂದು ಜನ ಕೇಳಿದರು. ಮಕ್ಕಳ ಗಾಯ, ಕೊಳಕು, ಸಿಟ್ಟು ಇವನ್ನು ಮುಚ್ಚಿಡದ ಆ ಚಿತ್ರಗಳು ಬಾಲ್ಯದ ಬಗೆಗಿನ ಸಿಹಿ ಸುಳ್ಳನ್ನು ಒಡೆದವು ಎಂದು ನಾನು ನಂಬುತ್ತೇನೆ. ಆದರೆ ಒಪ್ಪಿಗೆಯ ಪ್ರಶ್ನೆ ಅದರಿಂದ ಕರಗುವುದಿಲ್ಲ. ಇವತ್ತು ಪ್ರತಿಯೊಬ್ಬ ತಾಯಿ ತಂದೆಯ ಕೈಯಲ್ಲೂ ಕ್ಯಾಮೆರಾ ಇದೆ, ಚಿತ್ರ ಕ್ಷಣದಲ್ಲಿ ಮನೆಯಾಚೆ ಹೋಗುತ್ತದೆ. ಹಾವರ್ಡನ್ ಮಕ್ಕಳ ಚಿತ್ರ ಆಲ್ಬಮ್ಮಿನಿಂದ ಮ್ಯೂಸಿಯಮ್ಮಿಗೆ ಹೋಗಲು ಎಪ್ಪತ್ತೈದು ವರ್ಷ ಹಿಡಿಯಿತು. ಆ ನಿಧಾನದಲ್ಲಿ ಒಂದು ರಕ್ಷಣೆಯಿತ್ತು. ಮಗಳ ಮುಖವಿರುವ ಚಿತ್ರಗಳನ್ನು ನಾನು ಯಾರಿಗೂ ಕಳಿಸುವುದಿಲ್ಲ. ಕೈ ಮಾತ್ರ ಇರುವವನ್ನು ಕಳಿಸುತ್ತೇನೆ. ಈ ನಿರ್ಬಂಧವೂ ಈಗ ನನ್ನ ಚಿತ್ರಗಳ ರೂಪದ ಭಾಗವಾಗಿದೆ.

ಹಾಗಾದರೆ ಇಂಥ ಚಿತ್ರಗಳ ಎದುರು ವಿಮರ್ಶೆ ಏನು ಮಾಡಬೇಕು? ಹೊಗಳುವುದಲ್ಲ. ಮಗುವಿನ ಪ್ರತಿಯೊಂದು ಫೋಟೋವೂ ಕಲೆಯಲ್ಲ, ಆಗಬೇಕಾಗಿಯೂ ಇಲ್ಲ. 'ಕಲೆಯೋ ಹವ್ಯಾಸವೋ' ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು ಬೇರೆ ಪ್ರಶ್ನೆಗಳನ್ನು ಕೇಳಬಹುದು. ಈ ಚಿತ್ರ ಯಾವ ಹೊತ್ತಿನದು? ಆ ಹೊತ್ತನ್ನು ಯಾರು ಬಿಡಿಸಿಕೊಟ್ಟರು? ಚೌಕಟ್ಟಿನಲ್ಲಿರುವವರಿಗೆ ಇದರಲ್ಲಿ ಮಾತಿದೆಯೇ? ಇಕ್ಕಟ್ಟು ಚಿತ್ರವನ್ನು ಕುಗ್ಗಿಸಿದೆಯೋ, ಅದಕ್ಕೊಂದು ಆಕಾರ ಕೊಟ್ಟಿದೆಯೋ? ಈ ಪತ್ರಿಕೆ ಓದುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಮನೆಯಲ್ಲಿರುವ ಹಳೆಯ ಆಲ್ಬಮ್ಮನ್ನು ಒಮ್ಮೆ ತೆಗೆದು, ಅದರಲ್ಲಿ ಯಾರಿದ್ದಾರೆ ಎಂದು ನೋಡುವ ಬದಲು ಕ್ಯಾಮೆರಾ ಯಾರ ಕೈಯಲ್ಲಿತ್ತು ಎಂದು ಹಿರಿಯರನ್ನು ಕೇಳಿ. ಅವರು ಹೇಳಿದ ಹೆಸರನ್ನು ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ.