ಚೂರಿ ಮಾಡಹೊರಟವರು ಮೊದಲು ಹದ ಕಲಿಯಿರಿ

ಕೈಯಲ್ಲಿ ಮಾಡಿದ ಚೂರಿ ತೋರಿಸಿದರೆ ಸಾಕು, ನೋಡಿದವರು ಒಂದು ಹಾಳೆ ತಂದು ಕತ್ತರಿಸಿ ನೋಡುತ್ತಾರೆ. ಸರ್ರನೆ ಸೀಳಿದರೆ ಚಪ್ಪಾಳೆ. ಆ ಚಪ್ಪಾಳೆಗೆ ಬೆಲೆಯೇ ಇಲ್ಲ. ಗೇಟು ಮಾಡುವ ಮೆತ್ತನೆಯ ಕಬ್ಬಿಣದ ಪಟ್ಟಿಯನ್ನು ಸಾಣೆಕಲ್ಲಿನ ಮೇಲೆ ಚೆನ್ನಾಗಿ ಮಸೆದರೂ ಹಾಳೆ ಕತ್ತರಿಸುತ್ತದೆ. ನಾಲ್ಕು ಈರುಳ್ಳಿ ಹೆಚ್ಚುವಷ್ಟರಲ್ಲಿ ಅದೇ ಪಟ್ಟಿ ಮೊಂಡಾಗಿರುತ್ತದೆ. ಇದನ್ನು ಇತ್ತೀಚೆಗೆ ಮಸೆದಿದ್ದಾರೆ ಎಂಬುದಷ್ಟೇ ಹಾಳೆಯಿಂದ ಗೊತ್ತಾಗುವುದು. ಅಲಗಿನ ಒಳಗೆ ಏನಾಗಿದೆ ಎಂದು ತಿಳಿಯಲು ಬೇರೆ ಕಣ್ಣು ಬೇಕು.

ಅಮೆರಿಕದ ಟಿವಿಯಲ್ಲಿ 2015ರಲ್ಲಿ ‘ಫೋರ್ಜ್ಡ್ ಇನ್ ಫೈರ್’ ಎಂಬ ಅಲಗು ಮಾಡುವ ಸ್ಪರ್ಧೆ ಶುರುವಾದ ಮೇಲೆ ಈ ಹವ್ಯಾಸ ನಮ್ಮ ಹುಡುಗರಿಗೂ ಹತ್ತಿದೆ. ಸಂತೋಷ. ಆದರೆ ಬಂದವರೆಲ್ಲ ಮೊದಲು ಕೇಳುವುದು ‘ಡಮಾಸ್ಕಸ್ ಮಾಡೋದು ಹೇಗೆ ಸಾರ್’ ಎಂದು. ಇವತ್ತು ಆ ಹೆಸರಿನಲ್ಲಿ ಬಿಕರಿಯಾಗುವುದು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಆಸಿಡ್ಡಿನಲ್ಲಿ ಅದ್ದಿ ಅಲೆಗಳನ್ನು ಎಬ್ಬಿಸಿದ ಅಲಗು. ಬೆಸೆಯುವುದಕ್ಕೆ ಕೈಚಳಕ ಬೇಕು, ಒಪ್ಪುತ್ತೇನೆ. ಆದರೆ ತರಕಾರಿ ಕತ್ತರಿಸುವುದು ಅಲೆಯಲ್ಲ, ಬಾಯಿ. ಕನ್ನಡಿಯಂತೆ ಹೊಳೆಯುವ ಪಾಲಿಶು, ಸಿನಿಮಾದ ಮಚ್ಚಿನ ಆಕಾರ, ಬೆನ್ನಿನ ಮೇಲೆ ಗರಗಸದ ಹಲ್ಲು – ಇವೆಲ್ಲ ಹದವಿಲ್ಲದ ಅಲಗಿಗೆ ತೊಡಿಸಿದ ಒಡವೆಗಳು. ಚೂರಿಯ ರುಚಿ ಹತ್ತಬೇಕೆಂದರೆ ಇವುಗಳಿಂದ ಕಣ್ಣು ಕಿತ್ತುಕೊಳ್ಳಬೇಕು.

ನನಗೆ ಈ ರುಚಿ ಹತ್ತಿಸಿದ್ದು ತೀರ್ಥಹಳ್ಳಿ ಕಡೆಯ ಒಂದು ಕುಲುಮೆ. ಅಡಿಕೆ ಕೊಯ್ಲು ಹತ್ತಿರವಾದಾಗ ಮನೆಯ ಮೆಟ್ಟುಗತ್ತಿ, ಸೊಪ್ಪು ಕಡಿಯುವ ಕತ್ತಿಗಳನ್ನೆಲ್ಲ ಗೋಣಿಯಲ್ಲಿ ಸುತ್ತಿ ಆಚಾರರ ಹತ್ತಿರ ಒಯ್ಯುತ್ತಿದ್ದೆವು. ಹಗಲಲ್ಲೂ ಒಳಗೆ ಕತ್ತಲೆ. ಕಿಟಕಿ ಯಾಕಿಟ್ಟಿಲ್ಲ ಎಂದು ಕೇಳಿದ್ದಕ್ಕೆ ಅವರು, ‘ಬೆಳಕಿದ್ರೆ ಬಣ್ಣ ಕಾಣ್ಸಲ್ಲ ಮಾಣಿ’ ಎಂದರು. ಕತ್ತಿಯನ್ನು ಇದ್ದಿಲ ಕೆಂಡದಲ್ಲಿ ಕೆಂಪಗೆ ಕಾಯಿಸಿ, ಬಾಯಿಯ ಕಡೆಯನ್ನು ಮಾತ್ರ ನೀರಿಗೆ ತಾಗಿಸಿದರು. ಬೆನ್ನು ಇನ್ನೂ ಬಿಸಿಯಾಗಿಯೇ ಇತ್ತು. ಥಟ್ಟನೆ ಎತ್ತಿ, ಇಟ್ಟಿಗೆ ಚೂರಿನಿಂದ ಬಾಯಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಸುಮ್ಮನೆ ನೋಡುತ್ತ ಕೂತರು. ಬೆನ್ನಿನಲ್ಲಿ ಉಳಿದಿದ್ದ ಕಾವು ಮೆಲ್ಲಗೆ ಬಾಯಿಯತ್ತ ಹರಿಯತೊಡಗಿತು. ಉಜ್ಜಿದ ಜಾಗದಲ್ಲಿ ಮುಂದೆ ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ. ಪಟ್ಟೆ ಪಟ್ಟೆಯಾಗಿ ಬಣ್ಣಗಳು ನಡೆದು ಬಂದವು. ಹಳದಿ ಬಾಯಿಯನ್ನು ಮುಟ್ಟಿದ ಕ್ಷಣಕ್ಕೆ ಕತ್ತಿ ಪೂರ್ತಿ ನೀರೊಳಗೆ. ಆವತ್ತಿನಿಂದ ನಾನು ಕತ್ತಿಯ ಆಕಾರ ನೋಡುವುದನ್ನು ಬಿಟ್ಟೆ.

ಅಲ್ಲಿ ನಡೆದದ್ದಿಷ್ಟು. ಉಕ್ಕೆಂದರೆ ಇಂಗಾಲ ಸೇರಿದ ಕಬ್ಬಿಣ. ಅದನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದರೆ ಇಂಗಾಲ ಕಬ್ಬಿಣದೊಳಗೆ ಕರಗುತ್ತದೆ. ನಿಧಾನವಾಗಿ ಆರಲು ಬಿಟ್ಟರೆ ಮತ್ತೆ ಬೇರೆಯಾಗಿ ಉಕ್ಕು ಮೆತ್ತಗಾಗುತ್ತದೆ. ಒಮ್ಮೆಲೇ ತಣಿಸಿದರೆ ಹೊರಬರಲಾಗದೆ ಒಳಗೇ ಸಿಕ್ಕಿಬೀಳುತ್ತದೆ. ಆಗ ಉಕ್ಕು ವಿಪರೀತ ಗಟ್ಟಿ, ಕೆಳಗೆ ಬಿದ್ದರೆ ಒಡೆದುಹೋಗುವಷ್ಟು ಪೆಡಸು. ಆ ಪೆಡಸನ್ನು ಕಳೆಯಲು ಮತ್ತೆ 200 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಹದ ಇಳಿಸಬೇಕು. ಒಣಹುಲ್ಲಿನ ಹಳದಿ ಬಂದರೆ ಸುಮಾರು 220 ಡಿಗ್ರಿ ದಾಟಿದೆ ಎಂದರ್ಥ, ನೀಲಿ ಬಂದರೆ 300ರ ಹತ್ತಿರ. ಬಾಯಿ ಹಳದಿಯಲ್ಲಿ ನಿಂತು ಬೆನ್ನು ನೀಲಿಗೆ ಹೋದದ್ದರಿಂದ ಆಚಾರರ ಕತ್ತಿಯ ಬಾಯಿ ಗಟ್ಟಿ, ಬೆನ್ನು ಬಾಗಿ ತಾಳಿಕೊಳ್ಳುವಂಥದ್ದು. ಜಪಾನಿನವರು ಬೆನ್ನಿಗೆ ಮಣ್ಣು ಮೆತ್ತಿ ತಣಿಸಿ ಸಾಧಿಸುವುದೂ ಇದನ್ನೇ.

ಮನೆಯಲ್ಲಿ ಮಾಡುವವರಿಗೆ ಎಣ್ಣೆ ವಾಸಿ. ನೀರು ತೀರಾ ಬೇಗ ತಣಿಸಿ ಅಲಗನ್ನು ಸೀಳಿಸಬಲ್ಲದು. ಶೇಂಗಾ ಎಣ್ಣೆಯನ್ನೋ ಸೂರ್ಯಕಾಂತಿ ಎಣ್ಣೆಯನ್ನೋ 50 ಡಿಗ್ರಿಯಷ್ಟು ಬೆಚ್ಚಗೆ ಮಾಡಿ, ಮುಚ್ಚಳವಿರುವ ಎತ್ತರದ ಕಬ್ಬಿಣದ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಉರಿ ಎದ್ದರೆ ಮುಚ್ಚಿಬಿಡಿ. ಎಷ್ಟು ಕಾಯಿಸಬೇಕು ಎಂಬುದಕ್ಕೆ ಅಯಸ್ಕಾಂತ ಸಾಕ್ಷಿ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೊಂದಿಷ್ಟು ಕಾವೇರಿಸಿ ಎಣ್ಣೆಗೆ ನೆಟ್ಟಗೆ ಇಳಿಸಿ. ಎಣ್ಣೆಯೊಳಗೆ ಕುಯ್ಯುವ ದಿಕ್ಕಿನಲ್ಲಿ ಆಡಿಸಬಹುದು, ಅಡ್ಡಡ್ಡ ಆಡಿಸಿದರೆ ಸೊಟ್ಟಗಾಗುತ್ತದೆ. ಆರಿದ ಮೇಲೆ ಬಾಯಿಯ ಮೇಲೆ ಅರ ಹಾಕಿ ನೋಡಿ. ಹಿಡಿಯದೆ ಜಾರಿದರೆ ಅಲಗು ಗಟ್ಟಿಯಾಗಿದೆ. ತಡಮಾಡದೆ ಓವನ್ನಿನಲ್ಲಿ 200 ಡಿಗ್ರಿಗೆ ಗಂಟೆ ಹೊತ್ತು, ತಣ್ಣಗಾದ ಮೇಲೆ ಇನ್ನೊಂದು ಗಂಟೆ. ಓವನ್ನಿನ ಗುಂಡಿಯ ಮೇಲಿನ ಅಂಕಿ ನಂಬಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ.

ಚೂರಿಗೆ ಕೈ ಹಾಕುವ ಮೊದಲು ಮಾಡಲೇಬೇಕಾದ ಪಾಠವೊಂದಿದೆ. ಜನ ಇದನ್ನೇ ಹಾರಿಸಿಬಿಡುತ್ತಾರೆ. ಒಂದೇ ಪಟ್ಟಿಯಿಂದ ಮೂರು ಬೆರಳುದ್ದದ ತುಂಡು ಕೊಯ್ಯಿರಿ. ಒಂದನ್ನು ಅಯಸ್ಕಾಂತ ಇನ್ನೂ ಹಿಡಿಯುತ್ತಿರುವಾಗಲೇ ತಣಿಸಿ, ಇನ್ನೊಂದನ್ನು ಸರಿಯಾದ ಕಾವಿನಲ್ಲಿ, ಮತ್ತೊಂದನ್ನು ಹಳದಿ ಉರಿಯುವಷ್ಟು ಕಾಯಿಸಿ ತಣಿಸಿ. ಕನ್ನಡಕ ಹಾಕಿಕೊಂಡು, ವೈಸಿಗೆ ಬಿಗಿದು, ಬಟ್ಟೆ ಮುಚ್ಚಿ ಸುತ್ತಿಗೆಯಿಂದ ಹೊಡೆಯಿರಿ. ಕಾವು ಸಾಲದ್ದು ಬಗ್ಗುತ್ತದೆ, ಒಡೆಯುವುದಿಲ್ಲ. ಕಾವು ಮೀರಿದ್ದು ಪಟ್ಟನೆ ಮುರಿಯುತ್ತದೆ. ಮುರಿದ ಮುಖ ಸಕ್ಕರೆ ಚೆಲ್ಲಿದಂತೆ ಮಿನುಗುತ್ತದೆ. ಸರಿಯಾದದ್ದೂ ಮುರಿಯುತ್ತದೆ, ಆದರೆ ಮುಖ ಮಾಸಲು ಬೂದು, ಹರಳು ಕಣ್ಣಿಗೆ ಕಾಣದಷ್ಟು ನುಣುಪು. ಕಾವು ಹೆಚ್ಚಿದಷ್ಟೂ ಉಕ್ಕಿನ ಕಣ ಬೆಳೆಯುತ್ತದೆ, ಕಣ ಬೆಳೆದಷ್ಟೂ ಬಾಯಿ ಉದುರುತ್ತದೆ. ಬೆಳೆದ ಕಣ ಒಡೆಯಲು ದಾರಿಯಿದೆ: ಮತ್ತೆ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಕಪ್ಪಾಗುವ ತನಕ ಬಿಡುವುದು, ಹೀಗೆ ಮೂರು ಸಲ. ಬಡಿದು ಮಾಡಿದ ಅಲಗಿಗಂತೂ ತಣಿಸುವ ಮುಂಚೆ ಇದು ಆಗಲೇಬೇಕು.

ಕಾವಿನ ಈ ಸಂಯಮವಿಲ್ಲದೆಯೇ ಯೂರೋಪಿನವರು ನಮ್ಮ ಉಕ್ಕಿನ ಮುಂದೆ ಸೋತದ್ದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿಯ ಜನ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು ಮುಚ್ಚಿ ಉಕ್ಕು ಮಾಡುವುದನ್ನು ತನ್ನ 1807ರ ಪುಸ್ತಕದಲ್ಲಿ ದಾಖಲಿಸಿದ. ಅಂಥ ಉಕ್ಕನ್ನು ಯೂರೋಪಿನ ಕಮ್ಮಾರರು ತಮ್ಮ ರೂಢಿಯಂತೆ ಬೆಳ್ಳಗೆ ಕಾಯಿಸಿ ಬಡಿದರೆ ಪುಡಿಪುಡಿಯಾಗುತ್ತಿತ್ತು. ಅದರಲ್ಲಿ ಇಂಗಾಲ ಶೇ. 1.5ರ ಆಸುಪಾಸು, ಕೆಂಪು ಕಾವಿನಲ್ಲೇ ತಾಳ್ಮೆಯಿಂದ ಬಡಿಯಬೇಕಿತ್ತು. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ, ಚೂರಿ ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆಗೂಡಿ ಈ ಉಕ್ಕನ್ನು ಪರೀಕ್ಷಿಸಿದ. 1998ರ ಹೊತ್ತಿಗೆ ಲೋಹವಿಜ್ಞಾನಿ ಜಾನ್ ವರ್‌ಹೋವನ್ ಮತ್ತು ಕುದುರೆಗೆ ಲಾಳ ಕಟ್ಟುವ ವೃತ್ತಿಯ ಆಲ್ಫ್ರೆಡ್ ಪೆಂಡ್ರೆ ಸೇರಿ, ಇಂಥ ಉಕ್ಕಿನ ಹಳೆಯ ಡಮಾಸ್ಕಸ್ ಅಲಗುಗಳ ಚಿತ್ತಾರಕ್ಕೆ ವನೇಡಿಯಂನಂಥ ಧಾತುಗಳ ಲವಲೇಶ ಕಾರಣವೆಂದು ತೋರಿಸಿದರು. ಆ ಚಿತ್ತಾರ ಉಕ್ಕಿನೊಳಗಿಂದಲೇ ಹುಟ್ಟಿದ್ದು. ಪದರ ಬೆಸೆದು ಎಬ್ಬಿಸಿದ ಅಲೆಯನ್ನು ಅದರ ಪಕ್ಕದಲ್ಲಿಟ್ಟು ಹೊಗಳುವುದನ್ನು ನಾನು ಸಹಿಸಲಾರೆ.

ಪರೀಕ್ಷೆ ಎಂದರೆ ಹೇಗಿರಬೇಕು? 1976ರಲ್ಲಿ ಬಿಲ್ ಮೊರಾನ್ ಮತ್ತಿತರರು ಕಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆ ನೋಡಿ. ಜೋತುಬಿಟ್ಟ ಒಂದಿಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕಡಿಯಬೇಕು. ಮರದ ರೀಪನ್ನು ಎರಡು ಸಲ ಕಡಿದು ತುಂಡು ಮಾಡಬೇಕು. ಅಷ್ಟಾದ ಮೇಲೂ ಆ ಬಾಯಿ ಕೈಮೇಲಿನ ಕೂದಲು ಬೋಳಿಸಬೇಕು. ಕೊನೆಗೆ ವೈಸಿಗೆ ಬಿಗಿದು 90 ಡಿಗ್ರಿ ಬಗ್ಗಿಸಿದರೂ ಅಲಗು ಮುರಿಯಬಾರದು. ಗಟ್ಟಿ ಬಾಯಿ, ಬಾಗುವ ಬೆನ್ನು, ಎರಡೂ ಇಲ್ಲದ ಅಲಗು ಇದರಲ್ಲಿ ಉಳಿಯಲಾರದು. ವಿಡಿಯೋ ನೋಡುವುದಾದರೆ ಇದನ್ನು ನೋಡಿ.

ಉಳಿದ ವಿಷಯಗಳು ಬೇಗ ಮುಗಿಯುತ್ತವೆ. ಉಕ್ಕಿಗೆ ಗುಜರಿಗೆ ಹೋಗಿ ಲಾರಿಯ ಸ್ಪ್ರಿಂಗ್ ಪಟ್ಟಿ ತನ್ನಿ, ಇಂಗಾಲ ಶೇ. 0.5ರಿಂದ 0.6ರಷ್ಟಿರುತ್ತದೆ. ಕಣ್ಣಿಗೆ ಕಾಣದ ಬಿರುಕು ಇರಬಹುದು, ಚೆನ್ನಾಗಿ ಉಜ್ಜಿ ನೋಡಿ. ಮನೆ ಕಟ್ಟುವ ಸರಳು ಬೇಡ, ಅದರಲ್ಲಿ ಇಂಗಾಲ ಸಾಲದು. ಸ್ಟೇನ್‌ಲೆಸ್ ಸದ್ಯಕ್ಕೆ ಮುಟ್ಟಬೇಡಿ, 1000 ಡಿಗ್ರಿ ಮೀರಿದ ನಿಖರ ಕಾವು ಇದ್ದಿಲ ಒಲೆಯಲ್ಲಿ ಸಿಗುವುದಿಲ್ಲ. ಬಡಿಯಲು ಬರದಿದ್ದರೂ ಹ್ಯಾಕ್ಸಾ, ಅರಗಳಿಂದಲೇ ಒಳ್ಳೆಯ ಚೂರಿ ಮಾಡಬಹುದು. ತಣಿಸುವ ಮುಂಚೆ ಬಾಯನ್ನು ತೀರಾ ತೆಳ್ಳಗೆ ಅರೆಯಬೇಡಿ, ಒಂದು ಮಿಲಿಮೀಟರ್ ಬಿಡಿ. ಹದವಾದ ಮೇಲೆ ನೀರು ಮುಟ್ಟಿಸುತ್ತ ತೆಳು ಮಾಡಿ, ಬಿಸಿಗೆ ಬಾಯಿ ನೀಲಿಯಾದರೆ ಹದ ಹೋಯಿತು. ಸತು ಬಳಿದ ಜಿಐ ಪೈಪನ್ನು ಕುಲುಮೆಗೆ ಹಾಕಲೇಬೇಡಿ, ಹೊಗೆ ವಿಷ. ಉಕ್ಕು ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ. ಹಿಡಿಗೆ ಒಣಗಿದ ಹುಣಸೆ ಮರ ಸಾಕು. ಮಾಡುವುದು ಅಡಿಗೆಮನೆಯ ಚೂರಿಯೇ ಆಗಿರಲಿ: ಮನೆಗೆಲಸಕ್ಕೋ ಕೃಷಿಗೋ ಅಲ್ಲದ, ಒಂಬತ್ತು ಇಂಚಿಗಿಂತ ಉದ್ದದ ಇಲ್ಲವೇ ಎರಡು ಇಂಚಿಗಿಂತ ಅಗಲದ ಅಲಗನ್ನು ಕಾನೂನು ಆಯುಧವೆಂದು ಎಣಿಸುತ್ತದೆ.

ಮಾಡಿದ ಚೂರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ದಿನವೂ ಅಡಿಗೆಗೆ ಹಿಡಿಯಿರಿ. ಹುಣಸೆಹಣ್ಣು, ನಿಂಬೆ ತಾಗಿ ಅಲಗು ಕಪ್ಪಗಾಗುತ್ತದೆ, ಆಗಲಿ. ಒರೆಸಿ ಒಣಗಿಸಿದರೆ ತುಕ್ಕು ಬರದು. ನೋಡಬೇಕಾದದ್ದು ಬಾಯಿಯನ್ನು. ಕೊಬ್ಬರಿ ತಾಗಿ ಸಣ್ಣ ಸಣ್ಣ ಮುಕ್ಕು ಎದ್ದಿದ್ದರೆ ಹದ ಇನ್ನೂ ಇಳಿಯಬೇಕಿತ್ತು. ಹಿಡಿ ಬಿಚ್ಚಿ ಮತ್ತೆ ಓವನ್ನಿಗೆ ಹಾಕಿ, ಈ ಸಲ ಹದಿನೈದು ಡಿಗ್ರಿ ಹೆಚ್ಚಿಗೆ. ಬಾಯಿ ಒಂದು ಬದಿಗೆ ಮಡಚಿಕೊಂಡಿದ್ದರೆ ಮೊದಲು ಇನ್ನೊಮ್ಮೆ ಮಸೆದು ನೋಡಿ. ಆಗಲೂ ಮಡಚಿದರೆ ಓವನ್ನಿನಿಂದ ಪ್ರಯೋಜನವಿಲ್ಲ. ಮತ್ತೆ ಕೆಂಡಕ್ಕೆ, ಮತ್ತೆ ಅಯಸ್ಕಾಂತಕ್ಕೆ, ಮತ್ತೆ ಎಣ್ಣೆಗೆ.